ಐಸ್ ಪೆಟ್ಟಿಗೆಯ ಜೊತೆ ಐದು ದಿನ

ಸೋಮವಾರ, ಮೈಸೂರು

ಹೊರಡಬೇಕಿದ್ದು ಬೆಳಿಗ್ಗೆ ಎಂಟಕ್ಕೆ, ಹೊರಟಿದ್ದು ಹನ್ನೊಂದೂವರೆಗೆ. ಕಾರಣ ರಕ್ತದ ಸ್ಯಾಂಪಲ್ ತಣ್ಣಗಿಡುವ ಐಸ್ ಪ್ಯಾಕ್. ರಾತ್ರಿ ಫ್ರೀಜರಿನಲ್ಲಿ ಜೋಡಿಸಿಟ್ಟಿದ್ದ 16 ಪ್ಯಾಕುಗಳಲ್ಲಿ ಏಳನ್ನು ಯಾರೋ ಹೊರಗಿಟ್ಟು, ಆ ಜಾಗಕ್ಕೆ ತಮ್ಮ ಕಿಟ್ ಡಬ್ಬಿ ತುರುಕಿದ್ದರು. ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಲಸಿಕೆ ಸ್ಟೋರಿನವರನ್ನು ಕಾಡಿ ಬೇಡಿ ಬೇರೆ ಪ್ಯಾಕ್ ತರುವಷ್ಟರಲ್ಲಿ ಬಿಸಿಲು ಏರಿತ್ತು. ಇಪ್ಪತ್ತು ವರ್ಷದಿಂದ ಲ್ಯಾಬಿನಲ್ಲಿದ್ದೇನೆ. ಮೆಷಿನ್ನುಗಳು ಎಷ್ಟೋ ಬದಲಾದವು, ಫ್ರೀಜರ್ ಜಗಳ ಮಾತ್ರ ಹಾಗೇ ಇದೆ.

ನಾವು ಮೂರು ಜನ. ಮೈಕ್ರೊಬಯಾಲಜಿ ಮೇಡಂ, ನಾನು, ಜೀಪಿನ ಡ್ರೈವರ್ ಅಣ್ಣ. ಮೈಸೂರು, ಮಂಡ್ಯ ಜಿಲ್ಲೆಗಳ ಆರೇಳು ಸಣ್ಣ ಲ್ಯಾಬುಗಳನ್ನು ನೋಡಿ ಬರಬೇಕು. ಡೆಂಗ್ಯೂ, ಇಲಿಜ್ವರ, ಕಾಲರಾ ಇಂಥವು ಯಾವುದಾದರೂ ಊರಲ್ಲಿ ತಲೆ ಎತ್ತಿದರೆ ಮೊದಲು ಗೊತ್ತಾಗಬೇಕಾದ್ದು ಅಲ್ಲೇ. ಅಲ್ಲಿ ಗೊತ್ತಾಗುತ್ತಾ ಇಲ್ಲವಾ, ಇಲ್ಲ ಅಂದ್ರೆ ಏನು ಬೇಕು, ಅಷ್ಟು ತಿಳಿಯಬೇಕಿತ್ತು. ಯಾವ ಆಸ್ಪತ್ರೆಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅಲ್ಲಿನವರು ನಮಗೆ ಕಾಫಿ ಕೊಟ್ಟು, ಬೀರು ಬಾಗಿಲು ತೆಗೆದು ಎಲ್ಲಾ ತೋರಿಸಿದ್ದಾರೆ.

ಮೇಡಂ ಕೈಲಿ ಒಂದು ಜೆರಾಕ್ಸ್ ಕಟ್ಟು ಇತ್ತು. ನಮ್ಮದೇ ಲ್ಯಾಬಿನ ರಿಜೆಕ್ಷನ್ ರಿಜಿಸ್ಟರ್. ಟೆಸ್ಟ್ ಮಾಡಲು ಆಗದೆ ಬಿಸಾಕಿದ ಸ್ಯಾಂಪಲ್‌ಗಳ ಲೆಕ್ಕ. ಕಾಡಂಚಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ, ಅಂದರೆ ಪಿಎಚ್‌ಸಿಯ ಹೆಸರು ಮೂರು ತಿಂಗಳಲ್ಲಿ ಹನ್ನೊಂದು ಸಲ ಬಂದಿತ್ತು. ಎದುರಿಗೆ ಹನ್ನೊಂದು ಸಲವೂ ಒಂದೇ ಪದ: ‘ಹೀಮೊಲೈಸ್ಡ್’. ರಕ್ತ ಒಡೆದು ಸೀರಂ, ಅಂದರೆ ರಕ್ತದ ಮೇಲಿನ ತಿಳಿ, ಕೆಂಪಾಗಿದೆ ಅಂತ ಅರ್ಥ. ಕೈಬರಹ ನನ್ನದೇ.

“ಇದನ್ನ ಅವರಿಗೆ ತಿಳಿಸಿದ್ರಾ?” ಅಂದರು ಮೇಡಂ.

ನಾನು ಕಿಟಕಿ ಆಚೆ ನೋಡಿದೆ.

ಕೆಆರ್‌ಎಸ್ ರಸ್ತೆಯಲ್ಲಿ ಪಿ.ಕೆ. ಸ್ಯಾನಟೋರಿಯಂ ದಾಟಿದೆವು. ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ತೀರಿಕೊಂಡರು. ಅವರ ಹೆಣ್ಣುಮಕ್ಕಳೂ ಅದೇ ಕಾಯಿಲೆಗೆ ಹೋದರು. ಅವರ ನೆನಪಿಗೆ 1921ರಲ್ಲಿ ಆದ ಆಸ್ಪತ್ರೆ ಇದು. ಈ ಊರಿನ ನಕ್ಷೆಯನ್ನೇ ರೋಗಗಳು ಬರೆದಿವೆ ಅಂತ ನನಗೆ ಆಗಾಗ ಅನ್ನಿಸುತ್ತದೆ. ಪ್ಲೇಗ್ ಬಂದು ಹೋದಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಹಳೇ ಬಡಾವಣೆಗಳ ಮನೆ ಹಿಂದೆ ಕಸ, ಮಲ ಸಾಗಿಸಲೆಂದು ಬಿಟ್ಟಿದ್ದ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ನಾವು ಕ್ರಿಕೆಟ್ ಆಡಿ ಬೆಳೆದವರು. ಗಲ್ಲಿ ಯಾಕಿದೆ ಅಂತ ಆಗ ಯಾರು ಕೇಳಿದ್ದರು?

ಆ ದಿನ ಒಂದೇ ಲ್ಯಾಬ್ ನೋಡಿದ್ದು. ಚೆನ್ನಾಗಿತ್ತು, ಹೇಳುವಂಥದ್ದೇನಿಲ್ಲ. ರಾತ್ರಿ ಮಂಡ್ಯದ ಲಾಡ್ಜಿನಲ್ಲಿ ಸೊಳ್ಳೆ ಕಾಟ.

ಮಂಗಳವಾರ, ಮಂಡ್ಯ ಕಡೆ

ಆಷಾಢ. ನಾಲೆಗೆ ನೀರು ಬಿಟ್ಟಿದ್ದರು. ಗದ್ದೆಗಳಲ್ಲಿ ನಾಟಿ ನಡೆದಿತ್ತು. ನೀರಲ್ಲಿ ನಿಂತ ಬೆಳ್ಳಕ್ಕಿ ಸಾಲು ನೋಡಿ ನಾನು ಫೋಟೊ ತೆಗೆಯಲು ಹೋದೆ. ಮೇಡಂ ಮಾತ್ರ “ಇಲ್ಲಿ ಹಂದಿ ಎಲ್ಲಿ ಸಾಕ್ತಾರೆ?” ಅಂತ ಡ್ರೈವರ್ ಅಣ್ಣನನ್ನು ಕೇಳಿದರು. ಅವರ ತಲೆ ಓಡೋದೇ ಹಾಗೆ. ಜಪಾನೀಸ್ ಎನ್‌ಸೆಫಲೈಟಿಸ್, ನಮ್ಮ ಕಡೆ ಮಿದುಳು ಜ್ವರ ಅಂತಾರಲ್ಲ, ಅದರ ವೈರಸ್ ಕೊಕ್ಕರೆ, ಬೆಳ್ಳಕ್ಕಿಗಳಲ್ಲಿ ಇರುತ್ತದೆ. ಹಂದಿಯ ಮೈಯಲ್ಲಿ ಜಾಸ್ತಿಯಾಗುತ್ತದೆ. ಗದ್ದೆ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮನುಷ್ಯರಿಗೆ ತರುತ್ತದೆ. ಅವರ ಪ್ರಶ್ನೆ ಕೇಳಿದ ಮೇಲೆ ಗದ್ದೆ ಬಯಲು ಮೊದಲಿನ ಹಾಗೆ ಕಾಣಲಿಲ್ಲ.

ಈ ನೀರಿನ ಕಥೆ ಹಳೆಯದು. ಈಗಿನ ವಿಶ್ವೇಶ್ವರಯ್ಯ ನಾಲೆಗೆ ಆಗ ಇರ್ವಿನ್ ನಾಲೆ ಅಂತ ಹೆಸರು. 1930ರ ದಶಕದಲ್ಲಿ ನೀರು ಹರಿಯಿತು, ರಾಗಿ ಹೊಲ ಗದ್ದೆಯಾಯಿತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು. ಜೊತೆಗೆ ಮಲೇರಿಯಾನೂ ಬಂತು. ಮೈಸೂರು ಸಂಸ್ಥಾನ ರಾಕ್‌ಫೆಲರ್ ಫೌಂಡೇಶನ್ನಿನ ನೆರವು ತಗೊಂಡು ಮಂಡ್ಯದಲ್ಲಿ ಆರೋಗ್ಯ ಘಟಕ ಮಾಡಿತ್ತು. ಅಂದರೆ ಈ ಮಣ್ಣಲ್ಲಿ ಸ್ಲೈಡ್ ನೋಡುವ ಕೆಲಸಕ್ಕೆ ಹತ್ತಿರ ಹತ್ತಿರ ನೂರು ವರ್ಷ.

ನೋಡಿದ ಲ್ಯಾಬಿನಲ್ಲಿ ಎಲಿಸಾ ರೀಡರ್, ಅಂದರೆ ರಕ್ತ ಪರೀಕ್ಷೆಯ ಬಣ್ಣ ಅಳೆಯುವ ಮೆಷಿನ್, ಇತ್ತು. ಹಳೇ ಸೀರೆಯಲ್ಲಿ ಹೊಲಿದ ಹೊದಿಕೆ ಹೊದ್ದು ಕೂತಿತ್ತು. ಅಂಚಿಗೆ ಜರಿ ಬೇರೆ.

“ಓಡ್ತಿಲ್ವಾ?”

“ಓಡ್ತದೆ ಸಾ. ಯುಪಿಎಸ್ ಬ್ಯಾಟ್ರಿ ಹೋಗಿದೆ. ಇಂಡೆಂಟ್ ಹಾಕಿದೀನಿ,” ಅಂದರು ಎಲ್‌ಟಿ, ಅಂದರೆ ಲ್ಯಾಬ್ ಟೆಕ್ನೀಷಿಯನ್. ಇಂಡೆಂಟಿನ ಕಾಪಿಗಳನ್ನು ಒಂದು ದಾರದಲ್ಲಿ ಪೋಣಿಸಿಟ್ಟಿದ್ದರು. ನಾಲ್ಕು ಇದ್ದವು.

ಡೆಂಗ್ಯೂ ಐಜಿಎಂ ಎಲಿಸಾ, ಅಂದರೆ ಮೈಯಲ್ಲಿ ಹುಟ್ಟಿದ ಪ್ರತಿಕಾಯ ಹುಡುಕುವ ಟೆಸ್ಟ್, ತಟ್ಟೆಯಲ್ಲಿ ಸುಮ್ನೆ ಹನಿ ಹಾಕಿ ಓದುವುದಲ್ಲ. ಸೀರಂ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ, ತೊಳೆದು ಆಂಟಿಜೆನ್ ಹಾಕಿ ಇನ್ನೊಂದು ಗಂಟೆ, ಮತ್ತೆ ತೊಳೆಯೋದು, ಮತ್ತೆ ಕಾಯೋದು. ಕೊನೆಗೆ ಬಣ್ಣದ ದ್ರಾವಣ ಹಾಕಿದರೆ ನೀಲಿ, ಆಸಿಡ್ ಬಿಟ್ಟರೆ ಹಳದಿ. ಆ ಹಳದಿಯನ್ನು ರೀಡರ್ ಅಳೆಯುತ್ತದೆ. ನಡುವೆ ಕರೆಂಟ್ ಹೋದರೆ ಅಷ್ಟೂ ನೀರುಪಾಲು. ಹಾಗಾಗಿ ಅವರು ಮಾಡುವುದನ್ನೇ ಬಿಟ್ಟು ಸ್ಯಾಂಪಲ್ಲನ್ನು ಮುಂದಕ್ಕೆ ಕಳಿಸುತ್ತಿದ್ದರು.

ಇನ್ನೊಂದು ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಒಂದು ತಟ್ಟೆಯಲ್ಲಿ 96 ಗುಳಿ. ಎಂಟೆಂಟರ ಪಟ್ಟಿ ಮಾಡಿ ಬಿಡಿಸಿಕೊಳ್ಳಬಹುದು, ಆದರೆ ಪ್ರತಿ ಸಲ ಟೆಸ್ಟ್ ಸರಿಯಾಗಿದೆಯಾ ನೋಡುವ ಕಂಟ್ರೋಲ್‌ಗೆ ಅಂತ ಕೆಲವು ಗುಳಿ ಹೋಗುತ್ತವೆ. ಎರಡು ಸ್ಯಾಂಪಲ್‌ಗೆ ಕಿಟ್ ಒಡೆದರೆ ಕಿಟ್ ದಂಡ. ಹತ್ತು ಬರಲಿ ಅಂತ ಕಾದರೆ, ರಿಪೋರ್ಟ್ ಬರುವ ಹೊತ್ತಿಗೆ ಜ್ವರದವರು ಗುಣವಾಗಿ ಕಬ್ಬು ಕಡಿಯುತ್ತಿರುತ್ತಾರೆ. ದೊಡ್ಡ ಊರಿನ ಲ್ಯಾಬಿಗೆ ಈ ಲೆಕ್ಕವೇ ಇಲ್ಲ. ಅಲ್ಲಿ ದಿನಾ ತಟ್ಟೆ ತುಂಬುತ್ತದೆ.

ಅದೇ ಕಾರಿಡಾರಿನಲ್ಲಿ ಟಿಬಿಗೆ ಒಂದು ರೂಮು, ಎಚ್‌ಐವಿಗೆ ಒಂದು ರೂಮು, ಜ್ವರಕ್ಕೆ ಒಂದು ರೂಮು. ಮೂರು ಫ್ರಿಜ್, ಮೂರು ರಿಜಿಸ್ಟರ್, ಮೂರು ಬೀಗ. ಒಂದು ರೂಮಿನ ಯುಪಿಎಸ್ ಚೆನ್ನಾಗಿತ್ತು! “ಅದು ಅವರ ಯೋಜನೇದು ಸಾ,” ಅಂದರು. 2021ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಜಿಲ್ಲೆಗೊಂದು ಸಮಗ್ರ ಸಾರ್ವಜನಿಕ ಆರೋಗ್ಯ ಲ್ಯಾಬ್ ಅನ್ನುವ ಮಾತಿದೆ. ಗೋಡೆ ಒಡೆಯದಿದ್ದರೂ ಪರವಾಗಿಲ್ಲ, ವೈರ್ ಎಳೆಯಲು ಬಿಟ್ಟರೆ ಸಾಕು ಅನ್ನಿಸಿತು ನನಗೆ. ಮೇಡಂ ಯಾರಿಗೋ ಫೋನ್ ಮಾಡಿದರು. ಒಂದು ಗಂಟೆಯಲ್ಲಿ ಎಲೆಕ್ಟ್ರಿಷಿಯನ್ ಬಂದ. ಸಂಜೆ ಸೀರೆ ಹೊದಿಕೆ ಮಡಚಿ ಬೀರು ಮೇಲೆ ಹೋಯಿತು.

ವಾಪಸ್ಸು ಬರುವಾಗ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಮುಕ್ಕಾಲು ಗಂಟೆ. ಅರೆಯುವ ಕಾಲ ಶುರುವಾದರೆ ಈ ರಸ್ತೆಯಲ್ಲಿ ಹೀಗೇ ಅಂತೆ. ಪಕ್ಕದ ಆಲೆಮನೆಯಲ್ಲಿ ಬಿಸಿ ಬೆಲ್ಲ ತಿಂದೆವು. ಡ್ರೈವರ್ ಅಣ್ಣ ಒಂದು ಮಾತು ಹೇಳಿದರು: “ನೀವು ಸ್ಯಾಂಪಲ್ ನಾಲ್ಕು ಗಂಟೇಲಿ ಬರಬೇಕು ಅಂತ ಬರೀತೀರ. ಈ ಗಾಡಿ ಲೆಕ್ಕ ಅದರಲ್ಲಿ ಹಾಕಿದೀರಾ?” ಹಾಕಿರಲಿಲ್ಲ. ಮೇಡಂ ಡೈರಿಯಲ್ಲಿ ಬರೆದುಕೊಂಡರು.

ಬುಧವಾರ, ಕಾಡಂಚು

ನಾಗರಹೊಳೆ ಕಡೆಯ ರಸ್ತೆ. ದಾರಿಯುದ್ದಕ್ಕೂ ಮೇಡಂ ಎಬೋಲಾ ಕಥೆ ಹೇಳಿದರು. ಪಶ್ಚಿಮ ಆಫ್ರಿಕದ ಗಿನಿಯಲ್ಲಿ 2013ರ ಡಿಸೆಂಬರಿನಲ್ಲಿ ಒಂದು ಹಳ್ಳಿಯ ಮಗುವಿಗೆ ಬಂತು. ಅದು ಎಬೋಲಾ ಅಂತ ಗೊತ್ತಾಗಿದ್ದು 2014ರ ಮಾರ್ಚ್‌ನಲ್ಲಿ, ಸ್ಯಾಂಪಲ್ ಫ್ರಾನ್ಸಿಗೆ ಹೋದ ಮೇಲೆ. ಅಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ರೋಗ ಹಳ್ಳಿ ದಾಟಿ ಪಟ್ಟಣಗಳಿಗೆ ನಡೆದಿತ್ತು.

“ನಮ್ದೂ ಅಷ್ಟೇ ಆಗಿರ್ಲಿಲ್ವಾ? 2020ರ ಜನವರಿಯಲ್ಲಿ ಕೋವಿಡ್ ಟೆಸ್ಟ್‌ಗೆ ಪುಣೆ ಬಿಟ್ರೆ ಬೇರೆ ಗತಿ ಇರ್ಲಿಲ್ಲ,” ಅಂದೆ.

“ವರ್ಷದ ಕೊನೆಗೆ ದೇಶದಲ್ಲಿ ಎರಡು ಸಾವಿರ ಲ್ಯಾಬ್ ದಾಟಿತು. ಮಷಿನ್ ತರೋದು ನಮಗೆ ಗೊತ್ತು ಸಾರ್,” ಅಂದವರು ಜೆರಾಕ್ಸ್ ಕಟ್ಟು ತೆಗೆದು ತೊಡೆ ಮೇಲಿಟ್ಟುಕೊಂಡರು. ನನಗೆ ಮತ್ತೆ ಕಿಟಕಿಯೇ ಗತಿ.

ಪಿಎಚ್‌ಸಿ ಚಿಕ್ಕದು, ಶುಚಿಯಾಗಿತ್ತು. ಎಲ್‌ಟಿಗೆ ಮೂವತ್ತರ ಆಸುಪಾಸು. ಒಂದೇ ಮೇಜು, ಒಂದು ಮೈಕ್ರೊಸ್ಕೋಪು. ಸ್ಟೇನ್ ಬಾಟಲಿಗಳ ಮೇಲೆ ಕನ್ನಡದಲ್ಲಿ ದುಂಡಗೆ ಬರೆದಿದ್ದ ಚೀಟಿಗಳು. ರಿಜಿಸ್ಟರ್ ತೆರೆದು ತೋರಿಸಿದರು. ಸ್ಕೇಲಿಟ್ಟು ಗೆರೆ ಎಳೆದ ಅಂಕಣಗಳು: ಕ್ರಮ ಸಂಖ್ಯೆ, ಹೆಸರು, ಊರು ಅಥವಾ ಹಾಡಿ, ಕಳಿಸಿದ ದಿನ. ಕೊನೆಯದು ‘ಫಲಿತಾಂಶ’. ಪುಟ ತಿರುಗಿಸಿದೆ. ಇನ್ನೊಂದು ಪುಟ. ಆ ಅಂಕಣ ಪೂರ್ತಿ ಖಾಲಿ.

“ಕಳಿಸ್ತಾ ಇರ್ತೀನಿ ಸಾ. ಆಮೇಲೆ ಏನಾಯ್ತದೋ ಗೊತ್ತಾಗಲ್ಲ. ಜನ ಬಂದು ಕೇಳ್ತಾರೆ. ಬರ್ತದೆ ಇರಿ ಅಂತೀನಿ.”

ಲ್ಯಾಬಿನ ಫಲಿತಾಂಶ ರೋಗಗಳ ಲೆಕ್ಕ ಇಡುವ ಸರ್ಕಾರದ ಐಎಚ್‌ಐಪಿ ಪೋರ್ಟಲ್‌ಗೆ ಹೋಗುತ್ತದೆ. 2004ರಲ್ಲಿ ರೋಗ ಕಣ್ಗಾವಲು ಯೋಜನೆ ಶುರುವಾದಾಗ ವಾರಕ್ಕೊಮ್ಮೆ ಎಸ್, ಪಿ, ಎಲ್ ಅಂತ ಮೂರು ಫಾರಂ ಕಾಗದದಲ್ಲಿ ಹೋಗುತ್ತಿದ್ದವು. 2021ರಿಂದ ದೇಶದ ತುಂಬ ಆನ್‌ಲೈನ್. ಜಿಲ್ಲೆಯವರು ನೋಡುತ್ತಾರೆ, ಬೆಂಗಳೂರಿನವರು ನೋಡುತ್ತಾರೆ, ದೆಹಲಿಯವರೂ ನೋಡುತ್ತಾರೆ. ಆದರೆ ಸೂಜಿ ಚುಚ್ಚಿದ ಈ ಮನುಷ್ಯನಿಗೆ ಹೇಳುವವರು ಯಾರೂ ಇರಲಿಲ್ಲ. ಟೆಸ್ಟ್ ಆದದ್ದನ್ನೇ ಹೇಳಿಲ್ಲ ಅಂದಮೇಲೆ ಬಿಸಾಕಿದ್ದನ್ನು ಹೇಳುವ ಮಾತೆಲ್ಲಿ?

ನಾನೇ ಹೇಳಿದೆ. ಹನ್ನೊಂದು ಸ್ಯಾಂಪಲ್ ಕೆಂಪಾಗಿದ್ದವು, ಬಿಸಾಕಿದ್ದು ನಾನೇ ಅಂತ. ಅವರು ಬೈಯಲಿಲ್ಲ. ಒಳಗೆ ಹೋಗಿ ಸ್ಯಾಂಪಲ್ ಕಳಿಸುವ ಕ್ಯಾರಿಯರ್ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. “ಐಸಲ್ಲಿ ಕಳಿಸಿ ಅಂದಿದ್ರು. ಐಸಲ್ಲೇ ಕಳಿಸಿದೀನಿ.”

ಹೇಗೆ ಕಳಿಸ್ತೀರ, ಮಾಡಿ ತೋರಿಸಿ ಅಂದೆ. ಫ್ರೀಜರಿನಿಂದ ಕಲ್ಲಿನಂಥ ಪ್ಯಾಕ್ ತೆಗೆದರು. ಮೇಲೆ ಬಿಳಿ ಹಿಮ ಕಟ್ಟಿತ್ತು. ನಾಲ್ಕು ಕಡೆ ಇಟ್ಟು ನಡುವೆ ರಕ್ತದ ಟ್ಯೂಬ್ ನಿಲ್ಲಿಸಿದರು. ಟ್ಯೂಬು ಪ್ಯಾಕಿಗೆ ತಗುಲಿಕೊಂಡೇ ನಿಂತಿತು. ಅಲ್ಲಿಗೆ ಗೊತ್ತಾಯಿತು. ಸೀರಂ ಬೇರೆ ಮಾಡದ ರಕ್ತ, ಕಲ್ಲಿನಂಥ ಐಸಿಗೆ ತಗುಲಿದರೆ ಅಲ್ಲೇ ಮರಗಟ್ಟುತ್ತದೆ. ಕೆಂಪು ಕಣಗಳು ಒಡೆಯುತ್ತವೆ. ಮೈಸೂರಿಗೆ ಬರುವಷ್ಟರಲ್ಲಿ ಸೀರಂ ದಾಳಿಂಬೆ ರಸ.

ಮೇಡಂ ಒಂದು ಪ್ಯಾಕ್ ತಗೊಂಡು ಕಟ್ಟೆ ಮೇಲಿಟ್ಟರು. ಎಲ್ಲರಿಗೂ ಕಾಫಿ ಬಂತು. ಕುಡಿದು ಮುಗಿಸಿ ಇನ್ನೂ ಸ್ವಲ್ಪ ಹೊತ್ತು ಮಾತಾಡಿದೆವು. ಪ್ಯಾಕಿನ ಮೇಲಿನ ಹಿಮ ಹೋಗಿ ಬೆವರು ಬಂತು. ಅದನ್ನು ಎಲ್‌ಟಿಯ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಗುಳುಕ್ ಅಂತು.

“ಈ ಸದ್ದು ಬರೋವರೆಗೂ ಕಾಯಬೇಕು. ಆಮೇಲೆ ಪೆಟ್ಟಿಗೆಗೆ.”

ಅವರು ಇನ್ನೊಂದು ಪ್ಯಾಕ್ ತಗೊಂಡು ತಾವೇ ಕಿವಿ ಹತ್ತಿರ ಹಿಡಿದರು. ಸದ್ದಿಲ್ಲ. ಮತ್ತೆ ಕಟ್ಟೆ ಮೇಲಿಟ್ಟರು.

ರಕ್ತ ತಿರುಗಿಸಿ ಸೀರಂ ಬೇರೆ ಮಾಡುವ ಸೆಂಟ್ರಿಫ್ಯೂಜ್ ಇತ್ತು, ಕಾರ್ಬನ್ ಬ್ರಷ್ ಸವೆದಿತ್ತು. ಡ್ರೈವರ್ ಅಣ್ಣ ಬಿಚ್ಚಿ ನೋಡಿ, ಇದು ಮಿಕ್ಸಿ ರಿಪೇರಿಯವನ ಹತ್ತಿರ ಸಿಗುತ್ತೆ ಅಂದರು. ಅಲ್ಲಿವರೆಗೆ ಟ್ಯೂಬನ್ನು ಅರ್ಧ ಗಂಟೆ ಅಲ್ಲಾಡಿಸದೆ ನಿಲ್ಲಿಸಿ, ಗಡ್ಡೆ ಕಟ್ಟಿದ ಮೇಲೆ ಮೇಲಿನ ತಿಳಿಯನ್ನು ನಿಧಾನಕ್ಕೆ ಎಳೆದುಕೊಂಡರೂ ಆಗುತ್ತೆ ಅಂತ ತೋರಿಸಿದೆ. ಎಲ್ಲಕ್ಕೂ ಐಸ್ ಬೇಕಿಲ್ಲ ಅಂತಲೂ ಹೇಳಿದೆವು. ಕಾಲರಾ ಅನುಮಾನದ ಮಲದ ಸ್ಯಾಂಪಲ್, ಅದು ಕೆಡದಂತೆ ಇಡುವ ಕ್ಯಾರಿ-ಬ್ಲೇರ್ ದ್ರವ್ಯದ ಬಾಟಲಿಯಲ್ಲಿ ಹಾಗೇ ಬರಬೇಕು, ಬ್ಲಡ್ ಕಲ್ಚರ್ ಬಾಟಲಿಯನ್ನೂ ತಣ್ಣಗೆ ಮಾಡಬಾರದು. ಅವರು ಗೋಡೆಗೆ ಅಂಟಿಸಲು ದೊಡ್ಡ ಅಕ್ಷರದಲ್ಲಿ ಬರೆದುಕೊಂಡರು. ಒಂದು ಕಡೆ ‘ಐಸ್’, ಇನ್ನೊಂದು ಕಡೆ ‘ಐಸ್ ಬ್ಯಾಡ’.

ನಾವು ಕಲಿತದ್ದೂ ಇದೆ. ಫಾರಂನಲ್ಲಿ ಜ್ವರ ಬಂದ ತಾರೀಕು ಯಾವಾಗಲೂ ಖಾಲಿ ಇರುತ್ತದೆ ಅಂತ ನಮ್ಮ ದೂರು. ಅದಿಲ್ಲದೆ ಡೆಂಗ್ಯೂಗೆ ಯಾವ ಟೆಸ್ಟ್ ಮಾಡೋದು ಗೊತ್ತಾಗಲ್ಲ. ಐದು ದಿನದೊಳಗಾದರೆ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್1, ಆಮೇಲಾದರೆ ಐಜಿಎಂ. ಹಾಡಿಯವರು ತಾರೀಕು ಹೇಳಲ್ಲ ಸಾ ಅಂದರು ಎಲ್‌ಟಿ. ಅಷ್ಟರಲ್ಲಿ ಜ್ವರದ ಒಬ್ಬ ಅಮ್ಮ ಬಂದರು. ಜೊತೆಗಿದ್ದ ಆಶಾ ಕೇಳಿದ್ದು ಒಂದೇ ಪ್ರಶ್ನೆ: “ಅವ್ವಾ, ಜ್ವರ ಸಂತೆಗೆ ಮೊದಲೋ ಆಮೇಲೋ?”

“ಸಂತೆ ಮಾರನೇ ದಿನ ಕಣವ್ವ.”

ಆರು ದಿನ. ಲೆಕ್ಕ ಪಕ್ಕಾ. ನಮ್ಮ ಫಾರಂನಲ್ಲಿ ಸಂತೆಗೆ ಜಾಗವೇ ಇಲ್ಲ.

ಡಾಕ್ಟರು ಆ ಅಮ್ಮನ ಕಂಕುಳಲ್ಲಿ ಒಂದು ಕಪ್ಪು ಹಕ್ಕಳೆ ನೋಡಿದರು. ಸಿಗರೇಟಿನಿಂದ ಸುಟ್ಟ ಹಾಗೆ, ನೋವಿಲ್ಲ. ಸ್ಕ್ರಬ್ ಟೈಫಸ್ ಅನುಮಾನ. ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವಿನ ಮರಿ ಕಚ್ಚಿದರೆ ಬರುವ ಜ್ವರ. ಡಾಕ್ಸಿಸೈಕ್ಲಿನ್ ಆಗಲೇ ಶುರು ಮಾಡಿದರು. ಇಂಥದ್ದಕ್ಕೆ ರಿಪೋರ್ಟ್ ಕಾಯಬಾರದು. ಆದರೂ ಆ ಹಾಡಿಗೆ, ಸುತ್ತಲ ಹಾಡಿಗಳಿಗೆ ಗೊತ್ತಾಗಬೇಕಾದರೆ ಟೆಸ್ಟ್ ಬೇಕು. ರಕ್ತ ತೆಗೆದರು. ಅವತ್ತಿನದು ಒಟ್ಟು ಆರು ಸ್ಯಾಂಪಲ್.

ಹೊರಡುವಾಗ ಫಾರೆಸ್ಟ್ ವಾಚರ್ ಒಬ್ಬರು ಮಂಗನ ಕಾಯಿಲೆ ಬಗ್ಗೆ ಕೇಳಿದರು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು, 2012ರ ಕೊನೆಗೆ ಬಂಡೀಪುರದ ಕಡೆ ಮಂಗಗಳು ಸತ್ತು ಅದು ಇಲ್ಲೂ ಇದೆ ಅಂತ ತಿಳಿಯಿತು. ಈಗ ಅದರ ಕಾಲವಲ್ಲ, ಚಳಿಗಾಲದಿಂದ ಬೇಸಿಗೆವರೆಗೆ ಹುಷಾರು, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ ಅಂದೆವು. “ಯಾರಿಗೆ ತಿಳಿಸಾದು?” ಅಂದರು. ಎಲ್‌ಟಿ ತಮ್ಮ ನಂಬರ್ ಕೊಟ್ಟರು.

ಹಳ್ಳಿಯ ನಾಲ್ಕು ನಲ್ಲಿಗಳಿಂದ, ನೀರಿನ ಕೊಳಕು ತೋರಿಸುವ ಎಚ್2ಎಸ್ ಬಾಟಲಿಗಳಿಗೆ ನೀರು ಹಿಡಿದು ಜೀಪಿನಲ್ಲಿಟ್ಟುಕೊಂಡೆವು. ರಾತ್ರಿ ಮುದ್ದೆ, ಉಪ್ಸಾರು. ಹೊಟ್ಟೆ ತುಂಬ ಉಂಡೆ. ನಿದ್ದೆ ಸರಿಯಾಗಿ ಬರಲಿಲ್ಲ. ಹನ್ನೊಂದು ಜನ.

ಗುರುವಾರ

“ಸಾರ್, ಮೂರನೇ ಬಾಟ್ಲಿ ಡಿಕಾಕ್ಷನ್ ಆಗಿದೆ!”

ಡ್ರೈವರ್ ಅಣ್ಣನ ಕೂಗಿಗೇ ಎದ್ದೆ. ಎಚ್2ಎಸ್ ಬಾಟಲಿಗೆ ಇನ್‌ಕ್ಯುಬೇಟರ್ ಬೇಡ. ಸೆಕೆ ಇದ್ದ ಕಡೆ ಇಟ್ಟರೆ ಒಂದೆರಡು ದಿನದಲ್ಲಿ, ಕೊಳಕು ನೀರಾದರೆ ಕಪ್ಪಾಗುತ್ತದೆ. ಭಾರತದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದ ವಿಧಾನ ಇದು. ಪಂಚಾಯಿತಿಗೆ ಫೋನ್ ಮಾಡಿದೆವು. ಮಧ್ಯಾಹ್ನ ಅಲ್ಲಿನ ನೀರುಗಂಟಿಯೇ ತಿರುಗಿ ಫೋನ್ ಮಾಡಿದರು. ಮೂರನೇ ನಲ್ಲಿಯ ಪೈಪು ಚರಂಡಿ ಒಳಗೇ ಹಾದುಹೋಗುತ್ತದೆ, ಜಾಯಿಂಟ್ ಬಿಟ್ಟಿದೆ, ಸರಿ ಮಾಡುತ್ತಿದ್ದೇನೆ ಅಂತ. ಯಾವ ಪೋರ್ಟಲ್ಲೂ ಇಷ್ಟು ಬೇಗ ಕೆಲಸ ಮಾಡಿದ್ದು ನಾನು ನೋಡಿಲ್ಲ.

ಅವತ್ತಿನ ತಾಲ್ಲೂಕು ಲ್ಯಾಬಿನಲ್ಲಿ ಹನಿ ಅಳೆದು ಬಿಡುವ ಮೈಕ್ರೊಪಿಪೆಟ್ ಮೇಲೆ ಅನುಮಾನ ಬಂತು. ಕ್ಯಾಲಿಬ್ರೇಶನ್‌ಗೆ ಕಳಿಸಿದರೆ ಬರೋದು ಯಾವಾಗಲೋ. ಎದುರಿಗೆ ಒಂದು ಚಿನ್ನದ ಅಂಗಡಿ ಇತ್ತು. ಪಿಪೆಟ್, ಒಂದು ಲೋಟ ಡಿಸ್ಟಿಲ್ಡ್ ವಾಟರ್ ಹಿಡಿದು ಹೋದೆವು. ಲೆಕ್ಕ ಸುಲಭ. ನೂರು ಮೈಕ್ರೊಲೀಟರ್ ನೀರನ್ನು ಹತ್ತು ಸಲ ಬಿಟ್ಟರೆ ಒಂದು ಗ್ರಾಂ ಬರಬೇಕು. ಅಂಗಡಿಯವರ ತಕ್ಕಡಿ ತೋರಿಸಿದ್ದು 0.86.

“ಏನ್ ಸಾರ್, ನೀರಿನಲ್ಲೂ ವೇಸ್ಟೇಜಾ?” ಅಂದರು ಅಂಗಡಿಯವರು.

ಎರಡನೇ ಪಿಪೆಟ್ ಸರಿಯಾಗಿತ್ತು. ಮೊದಲನೆಯದಕ್ಕೆ ಕೆಂಪು ಟೇಪ್ ಸುತ್ತಿದೆವು.

ಊಟ ನಂಜನಗೂಡಿನಲ್ಲಿ. ಉಗಾಂಡದಲ್ಲಿ ಹಳ್ಳಿ ಆಸ್ಪತ್ರೆಗಳಿಂದ ಬೈಕಿನವರು ಸ್ಯಾಂಪಲ್ ಒಟ್ಟು ಮಾಡಿ ಒಂದು ದೊಡ್ಡ ಲ್ಯಾಬಿಗೆ ತರುತ್ತಾರೆ, ಹೋಗುವಾಗ ಹಳೇ ರಿಪೋರ್ಟ್ ತಗೊಂಡು ಹೋಗುತ್ತಾರೆ ಅಂದರು ಮೇಡಂ. ಡ್ರೈವರ್ ಅಣ್ಣ ಮೊಸರನ್ನ ಕಲಸುತ್ತಾ, “ಹೋಗೋವಾಗ ಖಾಲಿ ಹೋಗಲ್ಲ. ಅದು ಸರಿ,” ಅಂದರು.

ಸಂಜೆ ಪೆಟ್ಟಿಗೆ ಮೈಸೂರು ತಲುಪಿತು. ತೆರೆದು ನೋಡುವವರೆಗೂ ನನಗೆ ಸಮಾಧಾನ ಇಲ್ಲ. ಟ್ಯೂಬ್, ಸುತ್ತ ಹತ್ತಿ, ಹೊರಗೆ ತಿರುಪಿನ ಡಬ್ಬಿ, ಅದರ ಹೊರಗೆ ಪೆಟ್ಟಿಗೆ. ಮೂರು ಪದರವೂ ಹೇಳಿಕೊಟ್ಟ ಹಾಗೇ ಇತ್ತು. ಒಂದೊಂದೇ ಟ್ಯೂಬನ್ನು ಬೆಳಕಿಗೆ ಹಿಡಿದೆ. ಆರೂ ತಿಳಿ ಹಳದಿ.

ಶುಕ್ರವಾರ, ಮೈಸೂರು

ಆಷಾಢ ಶುಕ್ರವಾರ. ಚಾಮುಂಡಿ ಬೆಟ್ಟಕ್ಕೆ ಹೋಗುವ ಜನ ರಸ್ತೆ ತುಂಬ. ಡ್ಯೂಟಿಗೆ ತಡವಾಗಿ ಬಂದೆ, ಯಾರೂ ಏನೂ ಅನ್ನಲಿಲ್ಲ, ಅವರೂ ತಡ.

ತಟ್ಟೆಯಲ್ಲಿ ಆ ಆರೂ ಹೋದವು. ಇನ್‌ಕ್ಯುಬೇಟರಿನಲ್ಲಿಟ್ಟು, ತೊಳೆದು, ಕಾದು, ಮತ್ತೆ ತೊಳೆದು, ಮಧ್ಯಾಹ್ನ ಮೂರರ ಹೊತ್ತಿಗೆ ಬಣ್ಣ ಬಂತು. ಡೆಂಗ್ಯೂ ಎರಡು ಪಾಸಿಟಿವ್. ಸ್ಕ್ರಬ್ ಟೈಫಸ್ ತಟ್ಟೆಯಲ್ಲಿ ಆ ಅಮ್ಮನ ಗುಳಿ ಗಾಢ ಹಳದಿ. ಪೋರ್ಟಲ್‌ಗೆ ಹಾಕಿದ್ದಾಯಿತು. ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು.

ಫೋನ್ ತಗೊಂಡೆ. ಎರಡನೇ ಸಲಕ್ಕೆ ಎತ್ತಿದರು. ಹಿಂದೆ ಮಗು ಅಳುತ್ತಿತ್ತು, ಯಾರಿಗೋ ರಕ್ತ ತೆಗೆಯುತ್ತಿದ್ದರೇನೋ.

“ಕೆಂಪಾಗಿತ್ತಾ ಸಾ?”

“ಒಂದೂ ಇಲ್ಲ. ರಿಸಲ್ಟ್ ಬಂದಿದೆ. ಆ ಅಮ್ಮ ಹೇಗಿದ್ದಾರೆ?”

“ಇವತ್ತು ಜ್ವರ ಬುಟ್ಟಿದೆ. ಗಂಜಿ ಕುಡುದ್ರಂತೆ.” ಸ್ವಲ್ಪ ಹೊತ್ತು ಸುಮ್ಮನಿದ್ದರು. “ಒಸಿ ತಡೀರಿ ಸಾ, ರಿಜಿಸ್ಟ್ರು ತಗೋತೀನಿ.”

ಬೀರು ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಪುಟ ತಿರುಗಿಸಿದ್ದೂ ಕೇಳಿಸಿತು.

“ಹೂಂ, ಹೇಳಿ. ಒಂದನೇದು?”